ಪಿಕಾಸಾದಿಂದ ಡಿಜಿಕ್ಯಾಮ್‌ಗೆ: 38,000 ಫೋಟೊಗಳನ್ನು ಸಾಗಿಸಿದ ನಾಲ್ಕು ತಿಂಗಳು

2005ರಲ್ಲಿ ನಮ್ಮ ಮನೆಗೆ ಮೊದಲ ಡಿಜಿಟಲ್ ಕ್ಯಾಮೆರಾ ಬಂದಾಗಿನಿಂದ ತೆಗೆದ ಚಿತ್ರಗಳು, ಅದಕ್ಕೂ ಹಿಂದಿನ ಆಲ್ಬಮ್‌ಗಳಿಂದ ಸ್ಕ್ಯಾನ್ ಮಾಡಿಸಿದ ಚಿತ್ರಗಳು, ಎಲ್ಲ ಸೇರಿ ಸುಮಾರು 38,000 ಫೋಟೊಗಳು ಬಸವನಗುಡಿಯ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ, ಫೋಟೊಗಳನ್ನು ಜೋಡಿಸಿಡುವ ಪಿಕಾಸಾ ತಂತ್ರಾಂಶದ ಆಶ್ರಯದಲ್ಲಿದ್ದವು. ಗೂಗಲ್ 2004ರಲ್ಲಿ ಕೊಂಡ ಈ ತಂತ್ರಾಂಶಕ್ಕೆ ಬೆಂಬಲ ನಿಂತದ್ದು 2016ರ ಮಾರ್ಚ್ 15ರಂದು. ಬೆಂಬಲ ನಿಂತರೂ ತಂತ್ರಾಂಶ ನಡೆಯುತ್ತಲೇ ಇದ್ದುದರಿಂದ ನಾನು ಬದಲಾವಣೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿದೆ. ಕಳೆದ ವರ್ಷ ಲ್ಯಾಪ್‌ಟಾಪ್ ಆಗಾಗ ತಾನಾಗಿಯೇ ಆರಿಹೋಗತೊಡಗಿದಾಗ ಮುಂದೂಡಲು ದಾರಿ ಉಳಿಯಲಿಲ್ಲ. ಎಸ್.ಪಿ. ರಸ್ತೆಗೆ ಹೋಗಿ 2 ಟೆರಾಬೈಟಿನ ಎರಡು ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ತಂದೆ. ಹೊಸ ಕಂಪ್ಯೂಟರಿನಲ್ಲಿ ಡಿಜಿಕ್ಯಾಮ್ ತಂತ್ರಾಂಶದ 8ನೇ ಸರಣಿಯ ಆವೃತ್ತಿಯನ್ನು ಹಾಕಿಕೊಂಡೆ. ನಾಲ್ಕು ತಿಂಗಳು ಅದರೊಡನೆ ಪ್ರತಿದಿನ ಸಂಜೆ ಕೆಲಸ ಮಾಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಆಯ್ಕೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಲೈಟ್‌ರೂಮ್ ಈಗ ಚಂದಾ ಕಟ್ಟಿ ಬಳಸುವ ತಂತ್ರಾಂಶ. ಒಮ್ಮೆ ಹಣ ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಅದರ ಕೊನೆಯ ಆವೃತ್ತಿ 2015ರ 6ನೆಯದು. ಆ್ಯಪಲ್ ಫೋಟೋಸ್ ಆ್ಯಪಲ್ ಕಂಪ್ಯೂಟರುಗಳಿಗಷ್ಟೇ ಸೀಮಿತ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು, ಮೇಲಾಗಿ ಮನೆಯ ಎಲ್ಲ ಚಿತ್ರಗಳೂ ಬೇರೆಲ್ಲೋ ಇರುವುದು ನನಗೆ ಒಪ್ಪಿಗೆಯಿಲ್ಲ. ಡಿಜಿಕ್ಯಾಮ್ ಮುಕ್ತ ತಂತ್ರಾಂಶ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಚಿತ್ರಗಳನ್ನು ನಮ್ಮ ಫೋಲ್ಡರುಗಳಿಂದ ಎತ್ತಿ ತನ್ನದೇ ಪೆಟ್ಟಿಗೆಯೊಳಗೆ ಬಚ್ಚಿಡುವುದಿಲ್ಲ. ಆದರೂ ನಾನು ಅದನ್ನು ಅಳೆದದ್ದು ಬೇರೆಯೇ ಒಂದು ಮಾನದಂಡದಿಂದ. ಫೋಟೊಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹಾಕುವುದು ಒಂದು ರಾತ್ರಿಯ ಕೆಲಸ. ಇಪ್ಪತ್ತು ವರ್ಷ ಆ ಫೋಟೊಗಳ ಬಗ್ಗೆ ನಾವು ಬರೆದಿಟ್ಟದ್ದು, ಅಂದರೆ ಇದು ಯಾರು, ಎಲ್ಲಿ, ಯಾವ ದಿನ, ಇಪ್ಪತ್ತು ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆ ಎಂಬುದೆಲ್ಲ, ಹೊಸ ಕಡೆಗೆ ಬರುತ್ತದೆಯೇ, ಮತ್ತು ಮುಂದೊಂದು ದಿನ ಈ ತಂತ್ರಾಂಶವೂ ನಿಂತುಹೋದರೆ ಅಲ್ಲಿಂದ ಹೊರಗೆ ಬರುತ್ತದೆಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲ ಪ್ರಯತ್ನ ವಿಫಲವಾಯಿತು, ಅದಕ್ಕೆ ಡಿಜಿಕ್ಯಾಮ್ ಕಾರಣವಲ್ಲ. ಲ್ಯಾಪ್‌ಟಾಪ್ ಅರ್ಧದಲ್ಲಿ ಆರಿಹೋಗುವ ಭಯದಿಂದ ನಕಲು ಮಾಡುವ ಕೆಲಸವನ್ನು ಹತ್ತಿರದ ಒಂದು ರಿಪೇರಿ ಅಂಗಡಿಗೆ ಒಪ್ಪಿಸಿದೆ. ಅಲ್ಲಿಯವರು ಪ್ರತಿ ಫೋಲ್ಡರಿನೊಳಗೆ ಹೋಗಿ, ಕಣ್ಣಿಗೆ ಕಂಡ ಚಿತ್ರಗಳನ್ನೆಲ್ಲ ಆರಿಸಿ, ಹೊಸ ಡಿಸ್ಕಿಗೆ ಹಾಕಿಕೊಟ್ಟರು. ಚಿತ್ರಗಳ ಎಣಿಕೆ ಸರಿಯಾಗಿತ್ತು. ಆದರೆ ಪಿಕಾಸಾ ಮೆಚ್ಚಿನ ಚಿತ್ರಕ್ಕೆ ಹಾಕುವ ತಾರೆಯ ಗುರುತು, ಮುಖಗಳ ಹೆಸರು, ಚಿತ್ರದ ಮೇಲೆ ಮಾಡಿದ ತಿದ್ದುಪಡಿಗಳ ಸೂಚನೆ, ಯಾವ ಚಿತ್ರ ಯಾವ ಆಲ್ಬಮ್ಮಿಗೆ ಸೇರಿದೆ ಎಂಬ ಮಾಹಿತಿ ಇವುಗಳನ್ನು ಫೋಟೊದೊಳಗೆ ಬರೆಯದೆ, ಪ್ರತಿ ಫೋಲ್ಡರಿನಲ್ಲೂ ‘ಪಿಕಾಸಾ ಐಎನ್‌ಐ’ ಎಂಬ ಮರೆಯ ಕಡತವೊಂದರಲ್ಲಿ ಬರೆದಿಡುತ್ತಿತ್ತು. ಮರೆಯ ಕಡತಗಳನ್ನು ತೋರಿಸುವಂತೆ ವಿಂಡೋಸ್‌ಗೆ ಹೇಳದಿದ್ದರೆ ಅದು ಕಾಣುವುದಿಲ್ಲ. ಕಾಣದ್ದನ್ನು ಯಾರೂ ಆರಿಸುವುದಿಲ್ಲ. ಫೋಲ್ಡರನ್ನೇ ಇಡಿಯಾಗಿ ನಕಲು ಮಾಡಿದ್ದರೆ ಅದೂ ಜೊತೆಗೇ ಬರುತ್ತಿತ್ತು. ಪಿಕಾಸಾ ತಿದ್ದಿದ ಚಿತ್ರವನ್ನು ಉಳಿಸುವಾಗ ಮೂಲವನ್ನು ತೆಗೆದಿಡುತ್ತಿದ್ದ ಮರೆಯ ಫೋಲ್ಡರುಗಳೂ ಇದೇ ಕಾರಣಕ್ಕೆ ಹಿಂದೆಯೇ ಉಳಿದಿದ್ದವು. ಪುಣ್ಯಕ್ಕೆ ಹಳೆಯ ಡಿಸ್ಕನ್ನು ಅಳಿಸಿರಲಿಲ್ಲ. ಸಾಗಾಟ ಮುಗಿದು ಆರು ತಿಂಗಳಾದರೂ ಕಳೆಯುವವರೆಗೆ ಹಳೆಯ ಡಿಸ್ಕನ್ನು ಯಾರ ಕೈಗೂ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ ಎಂದು ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರಲ್ಲೂ ಕೇಳಿಕೊಳ್ಳುತ್ತೇನೆ.

ಎರಡನೆಯ ಸಲ ನಾನೇ ಕುಳಿತೆ. ಮರೆಯ ಕಡತವನ್ನು ತಂದುಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅದು ಪಿಕಾಸಾ ತನಗಾಗಿ ಬರೆದುಕೊಂಡ ಟಿಪ್ಪಣಿ. ಬೇರೆ ತಂತ್ರಾಂಶಗಳು ಓದುವುದು ಫೋಟೊದೊಳಗೇ ಇರುವ ಮಾಹಿತಿಯನ್ನು: ಕ್ಯಾಮೆರಾ ಬರೆಯುವ ಎಕ್ಸಿಫ್, ಪತ್ರಿಕಾ ಕಚೇರಿಗಳ ಕಾಲದಿಂದ ಬಂದ ಐಪಿಟಿಸಿ, ಅಡೋಬಿ 2001ರಲ್ಲಿ ಹೊರತಂದ ಎಕ್ಸ್‌ಎಂಪಿ. ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಇನ್ನೂ ಉಸಿರಾಡುತ್ತಿರುವಾಗಲೇ, ಪಿಕಾಸಾದ ಕೈಯಿಂದಲೇ ಅದರ ಟಿಪ್ಪಣಿಗಳನ್ನು ಫೋಟೊಗಳೊಳಗೆ ಬರೆಸಿಕೊಳ್ಳಬೇಕಾಗಿತ್ತು. ಪಿಕಾಸಾದಲ್ಲಿ ಕೊಟ್ಟ ಅಡಿಬರಹ ಮತ್ತು ಟ್ಯಾಗ್‌ಗಳು (ಹುಡುಕಲು ಹಚ್ಚುವ ಗುರುತಿನ ಪದಗಳು) ಜೆಪೆಗ್ ಚಿತ್ರದೊಳಗೇ ಹೋಗಿ ಕೂರುತ್ತವೆ. ಈ ಒಂದು ಗುಣವನ್ನೇ ಹಿಡಿದುಕೊಂಡೆ. ತಾರೆಯ ಗುರುತಿರುವ ಚಿತ್ರಗಳನ್ನೆಲ್ಲ ಒಟ್ಟಿಗೆ ತೆರೆದು ಅವಕ್ಕೆ ‘ತಾರೆ’ ಎಂಬ ಟ್ಯಾಗ್ ಹಾಕಿದೆ. ಪ್ರತಿ ಆಲ್ಬಮ್ ತೆರೆದು ಅದರೊಳಗಿನ ಎಲ್ಲ ಚಿತ್ರಗಳಿಗೂ ಆಲ್ಬಮ್ಮಿನ ಹೆಸರನ್ನೇ ಟ್ಯಾಗ್ ಆಗಿ ಕೊಟ್ಟೆ. ಮುಖಗಳಿಗೆ ಪಿಕಾಸಾದ 3.9ನೇ ಆವೃತ್ತಿಯಲ್ಲಿ ಬೇರೆ ದಾರಿಯಿದೆ: ಹೆಸರುಗಳನ್ನು ಫೋಟೊದಲ್ಲಿ ಉಳಿಸುವ ಆಯ್ಕೆಯನ್ನು ಮೊದಲು ತೆರೆದು, ಆನಂತರ ಪ್ರಾಯೋಗಿಕ ಸೌಲಭ್ಯಗಳ ಪಟ್ಟಿಯಲ್ಲಿರುವ, ಮುಖಗಳನ್ನು ಎಕ್ಸ್‌ಎಂಪಿಗೆ ಬರೆಯುವ ಆಜ್ಞೆಯನ್ನು ಕೊಡಬೇಕು. ಇದಕ್ಕೆ ಲ್ಯಾಪ್‌ಟಾಪಿನ ಕೆಳಗೆ ಫ್ಯಾನ್ ಇಟ್ಟುಕೊಂಡು ಎರಡು ರಾತ್ರಿ ಕಾದೆ.

ತಿದ್ದುಪಡಿಗಳ ವಿಷಯದಲ್ಲಿ ಇಂಥ ದಾರಿ ಯಾವುದೂ ಇಲ್ಲ. ಚಿತ್ರವನ್ನು ಕತ್ತರಿಸಿದ್ದು, ಬೆಳಕು ಹೆಚ್ಚಿಸಿದ್ದು ಇವೆಲ್ಲ ಒಂದೊಂದು ತಂತ್ರಾಂಶದ ಸ್ವಂತ ಲೆಕ್ಕಾಚಾರವಾದ್ದರಿಂದ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಬೇಕೆನಿಸಿದ ಸುಮಾರು 900 ಚಿತ್ರಗಳನ್ನು ತಿದ್ದಿದ ರೂಪದಲ್ಲೇ ಹೊಸ ಪ್ರತಿಯಾಗಿ ಹೊರತೆಗೆದೆ, ಉಳಿದವುಗಳನ್ನು ಮೂಲದಲ್ಲೇ ಬಿಟ್ಟೆ.

ಇಷ್ಟು ಸಿದ್ಧತೆಯ ಬಳಿಕ ಡಿಜಿಕ್ಯಾಮ್ ತೆರೆದಾಗ ಅದು ಮೊದಲಿಗೇ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ: ಚಿತ್ರಗಳು ಎಲ್ಲಿವೆ, ದತ್ತಸಂಚಯವನ್ನು (ಡೇಟಾಬೇಸ್) ಎಲ್ಲಿಡಬೇಕು, ಮತ್ತು ನೀವು ಬರೆಯುವ ಮಾಹಿತಿಯನ್ನು ಚಿತ್ರದ ಕಡತಗಳೊಳಗೂ ಬರೆಯಬೇಕೇ ಬೇಡವೇ. ಈ ಮೂರನೆಯ ಪ್ರಶ್ನೆಯನ್ನು ಹೊಸಬರು ಓದದೆ ದಾಟಿಬಿಡುವ ಅಪಾಯವಿದೆ. ಬೇಡವೆಂದರೆ ಎಲ್ಲ ಶ್ರಮವೂ ಡಿಜಿಕ್ಯಾಮ್‌ನ ದತ್ತಸಂಚಯದಲ್ಲಿ ಮಾತ್ರ ಉಳಿಯುತ್ತದೆ, ಮತ್ತು ಹತ್ತು ವರ್ಷಗಳ ಬಳಿಕ ಇದೇ ಕಥೆ ಮರುಕಳಿಸುತ್ತದೆ. ನಾನು ಬರೆಯಬೇಕೆಂದೇ ಹೇಳಿದೆ. ಸಿದ್ಧತೆಯ ಪುಟಗಳಲ್ಲಿ ಟ್ಯಾಗ್, ಅಡಿಬರಹ, ರೇಟಿಂಗ್, ದಿನಾಂಕ, ಮುಖಗಳ ಜಾಗ ಇವುಗಳಲ್ಲಿ ಯಾವುದನ್ನು ಬರೆಯಬೇಕು ಎಂಬುದನ್ನು ಬಿಡಿಬಿಡಿಯಾಗಿ ಆರಿಸಬಹುದು. ಮೂಲ ಕಡತವನ್ನು ಮುಟ್ಟಲು ಇಷ್ಟವಿಲ್ಲದವರು ಪಕ್ಕದಲ್ಲೊಂದು ಎಕ್ಸ್‌ಎಂಪಿ ಕಡತವನ್ನು ಇರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ನಾನು ನೋಡಿದ ತಂತ್ರಾಂಶಗಳಲ್ಲಿ ಈ ವಿಷಯವನ್ನು ಇಷ್ಟು ತೆರೆದ ಮನಸ್ಸಿನಿಂದ ಬಳಕೆದಾರರ ಕೈಗೆ ಒಪ್ಪಿಸುವುದು ಇದೊಂದೇ, ಮತ್ತು ನನ್ನ ಮಟ್ಟಿಗೆ ಇದೇ ಅದರ ಅತಿ ದೊಡ್ಡ ಗುಣ.

ಮೊದಲ ಪರಿಶೀಲನೆ ಮುಗಿದಾಗ ಮುಖಗಳ ಚೌಕಗಳು ಹೆಸರಿನ ಸಮೇತ ಬಂದಿದ್ದವು. ತೀರಿಕೊಂಡ ದೊಡ್ಡಪ್ಪನ ಹೆಸರನ್ನು ಒತ್ತಿದಾಗ ಅವರ 212 ಚಿತ್ರಗಳು ಸಾಲಾಗಿ ತೆರೆದುಕೊಂಡವು. ಪಕ್ಕದಲ್ಲಿದ್ದ ಅಮ್ಮ ಬಹಳ ಹೊತ್ತು ಎದ್ದು ಹೋಗಲಿಲ್ಲ. ‘ತಾರೆ’ ಟ್ಯಾಗ್ ಇರುವ ಚಿತ್ರಗಳನ್ನು ಒಟ್ಟಿಗೆ ಆರಿಸಿ ಐದು ನಕ್ಷತ್ರಗಳ ರೇಟಿಂಗ್ ಕೊಡುವುದು ಒಂದು ನಿಮಿಷದ ಕೆಲಸವಾಯಿತು.

ನಿಜವಾದ ತೊಡಕು ಕನ್ನಡದಲ್ಲಿ ಕಾದಿತ್ತು. ಪಿಕಾಸಾ ಬಳಸುತ್ತಿದ್ದ ಮೊದಲ ವರ್ಷಗಳಲ್ಲಿ ನಾನು ಚಿತ್ರಗಳ ವಿವರಗಳನ್ನು ಒಂದು ಪಟ್ಟಿಯಲ್ಲಿ, ನುಡಿ ತಂತ್ರಾಂಶದಿಂದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದೆ. ಆ ಬಗೆಯ ಬರಹ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಬೇರೆಡೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಕಾಣುತ್ತದೆ. ಇದೇ ಕಾರಣಕ್ಕೆ ಅವು ಪಿಕಾಸಾದೊಳಗೆ ಹೋಗದೆ ಹೊರಗೇ ಉಳಿದಿದ್ದವು. ಈಗ ಅವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳು ಜಾರಿದ ಕಡೆಗಳಲ್ಲಿ ಕೈಯಿಂದ ತಿದ್ದಿ, ಒಂದು ಸಣ್ಣ ಉಪಕರಣದಿಂದ ಸಾವಿರಾರು ಚಿತ್ರಗಳಿಗೆ ಒಟ್ಟಿಗೆ ಟ್ಯಾಗ್‌ಗಳಾಗಿ ಬರೆಸಿದೆ. ಡಿಜಿಕ್ಯಾಮ್‌ನಲ್ಲಿ ತೆರೆದಾಗ ಟ್ಯಾಗ್‌ಗಳ ಪಟ್ಟಿಯಲ್ಲಿ ‘ಬಸವನಗುಡಿ ಕಡಲೆಕಾಯಿ ಪರಿಷೆ’ ಒಂದು, ಅದರ ಪಕ್ಕದಲ್ಲೇ ಕೊನೆಯ ಎತ್ವ ಕಳೆದುಕೊಂಡ ‘ಬಸವನಗುಡಿ ಕಡಲೆಕಾಯಿ ಪರಿಷ’ ಇನ್ನೊಂದು ಕಾಣಿಸಿದವು.

ಕಾರಣ ಹುಡುಕಲು ಮೂರು ದಿನ ಹಿಡಿಯಿತು. ಐಪಿಟಿಸಿಯ ಹಳೆಯ ನಿಯಮದಂತೆ ಒಂದು ಟ್ಯಾಗ್ 64 ಬೈಟ್‌ಗಳನ್ನು ಮೀರುವಂತಿಲ್ಲ; ಬೈಟ್ ಎಂದರೆ ಕಂಪ್ಯೂಟರಿನಲ್ಲಿ ಬರಹ ಹಿಡಿಯುವ ಜಾಗದ ಅಳತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಬರಹವನ್ನು ಕಡತದಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಅದಕ್ಕೆ ಹಚ್ಚುವ ಪ್ರತಿ ಗುಣಿತ ಚಿಹ್ನೆಗೂ, ಮೂರು ಮೂರು ಬೈಟ್ ಬೇಕು. ‘ಬಸವನಗುಡಿ’ ಎಂಬುದರಲ್ಲಿ ಅಕ್ಷರ ಮತ್ತು ಚಿಹ್ನೆ ಸೇರಿ 8, ‘ಕಡಲೆಕಾಯಿ’ಯಲ್ಲಿ 8, ‘ಪರಿಷೆ’ಯಲ್ಲಿ 5; ಒಟ್ಟು 21ಕ್ಕೆ 63 ಬೈಟ್, ನಡುವಿನ ಎರಡು ಖಾಲಿ ಜಾಗಗಳಿಗೆ 2, ಎಲ್ಲ ಸೇರಿ 65. ಒಂದೇ ಒಂದು ಬೈಟ್ ಹೆಚ್ಚಾದ್ದರಿಂದ ಕೊನೆಯ ಎತ್ವಕ್ಕೆ ಜಾಗ ಸಿಗದೆ ಹೋಗಿತ್ತು. ಎಕ್ಸ್‌ಎಂಪಿಗೆ ಈ ಮಿತಿಯಿಲ್ಲದ ಕಾರಣ ಅಲ್ಲಿ ಪೂರ್ಣ ರೂಪ ಉಳಿದಿತ್ತು, ಹಾಗಾಗಿ ಒಂದೇ ಟ್ಯಾಗ್ ಎರಡಾಗಿ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಟ್ಯಾಗ್ ಬರೆಯುವವರಿಗೆ ಇಂಥದೊಂದು ಮಿತಿಯಿದೆಯೆಂದು ಜೀವನದಲ್ಲಿ ಗೊತ್ತಾಗುವ ಸಂದರ್ಭವೇ ಬರಲಾರದು. ಕನ್ನಡದಲ್ಲಿ ಬರೆಯುವವರು ಇಪ್ಪತ್ತೊಂದು ಎಂಬ ಈ ಎಣಿಕೆಯನ್ನು ಮೊದಲೇ ತಿಳಿದಿರಬೇಕು. ಡಿಜಿಕ್ಯಾಮ್‌ನಲ್ಲಿ ಟ್ಯಾಗ್‌ಗಳನ್ನು ಮರದ ಕೊಂಬೆಗಳಂತೆ ಒಂದರೊಳಗೊಂದು ಇರಿಸಬಹುದಾದ್ದರಿಂದ ಪರಿಹಾರ ಸುಲಭವಾಯಿತು: ‘ಬಸವನಗುಡಿ’ಯ ಕೆಳಗೆ ‘ಕಡಲೆಕಾಯಿ ಪರಿಷೆ’ಯನ್ನು ಇಟ್ಟೆ, ಕತ್ತರಿಸಿಹೋದ ರೂಪವನ್ನು ಅದರೊಡನೆ ಸೇರಿಸಿ ಅಳಿಸಿದೆ. ಕಾರ್ತಿಕದ ಕೊನೆಯ ಸೋಮವಾರಗಳಲ್ಲಿ ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ತೆಗೆದ ಇಷ್ಟು ವರ್ಷಗಳ ಚಿತ್ರಗಳು ಈಗ ಒಂದೇ ಕಡೆ ಸಿಗುತ್ತವೆ.

ಇದೇ ಸಂದರ್ಭದಲ್ಲಿ ಇನ್ನೊಂದು ವಿಚಿತ್ರವೂ ಕಂಡಿತು. ತಮ್ಮನ ಹಳೆಯ ಮ್ಯಾಕ್ ಡಿಸ್ಕಿನಿಂದ ತಂದ ಚಿತ್ರಗಳಲ್ಲಿ ‘ಕೋಲಾರ’ ಎಂಬ ಫೋಲ್ಡರಿತ್ತು, ನನ್ನಲ್ಲೂ ‘ಕೋಲಾರ’ ಎಂಬ ಫೋಲ್ಡರಿತ್ತು. ಎರಡೂ ಒಂದಾಗದೆ ಅಕ್ಕಪಕ್ಕ ನಿಂತವು. ‘ಕೋ’ ಎಂಬಲ್ಲಿನ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಹಲವು ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೆಸರನ್ನು ಮತ್ತೊಮ್ಮೆ ಬೆರಳಚ್ಚು ಮಾಡಿ, ಚಿತ್ರಗಳನ್ನು ಒಂದು ಕಡೆಗೆ ತಂದಾಗ ಸರಿಯಾಯಿತು.

ದಿನಾಂಕಗಳ ವಿಷಯದಲ್ಲಿ ಆದದ್ದು ನನ್ನದೇ ತಪ್ಪು. 2019ರ ಕರಗದ ರಾತ್ರಿ ನಾನು ಧರ್ಮರಾಯಸ್ವಾಮಿ ದೇವಸ್ಥಾನದ ಬಳಿ ಕ್ಯಾಮೆರಾದಲ್ಲಿ ಚಿತ್ರ ತೆಗೆದಿದ್ದೆ. ತಮ್ಮನ ಮಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾದ ಮುಂದೆ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದ ಚಿತ್ರಕ್ಕೆ ಎಕ್ಸಿಫ್ ಉಳಿಯುವುದಿಲ್ಲವಾದ್ದರಿಂದ ಅವನನ್ನು ಕೇಳಿ ಸಮಯವನ್ನು ಗೂಗಲ್ ಫೋಟೋಸ್‌ನಲ್ಲಿ ತುಂಬಿಸಿದ್ದೆ. ಅಲ್ಲಿ ತುಂಬಿದ ಸಮಯ ಚಿತ್ರದೊಳಗೆ ಹೋಗುವುದಿಲ್ಲ. ಗೂಗಲ್‌ನಲ್ಲಿರುವುದನ್ನು ಇಳಿಸಿಕೊಳ್ಳುವ ಟೇಕ್‌ಔಟ್ ಸೌಲಭ್ಯದ ಮೂಲಕ ಎಲ್ಲವನ್ನೂ ಹಿಂದೆ ಪಡೆದಾಗ ಪ್ರತಿ ಚಿತ್ರದ ಜೊತೆಗೆ ಬರುವ ಜೇಸನ್ ಎಂಬ ಬಗೆಯ ಪಠ್ಯ ಕಡತದಲ್ಲಿ, ಜಾಗತಿಕ ಸಮಯದ ಲೆಕ್ಕದಲ್ಲಿ, ಇರುತ್ತದೆ. ನಾನು ಅದನ್ನು ಭಾರತದ ಸಮಯಕ್ಕೆ ತರಲು ಐದೂವರೆ ಗಂಟೆಯನ್ನು ಕೂಡಿಸದೆ ಹಾಗೆಯೇ ಚಿತ್ರಗಳಿಗೆ ಬರೆಸಿಬಿಟ್ಟೆ. ಬೆಳಗಿನ ಜಾವ 3 ಗಂಟೆ 40 ನಿಮಿಷದ ಚಿತ್ರ ಹಿಂದಿನ ರಾತ್ರಿಯ 10 ಗಂಟೆ 10 ನಿಮಿಷಕ್ಕೆ ಸರಿಯಿತು; ನನ್ನ ಕ್ಯಾಮೆರಾದ ಚಿತ್ರ ರಾತ್ರಿ 11 ಗಂಟೆಯದು. ದೇವಸ್ಥಾನದಿಂದ ಹೊರಡುವ ಮೊದಲೇ ಕರಗ ದರ್ಗಾಕ್ಕೆ ಬಂದಂತೆ ಸಾಲು ತಲೆಕೆಳಗಾಗಿತ್ತು. ಹಗಲಿನ ಚಿತ್ರಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ತಾರೀಖು ಬದಲಾಗುವುದಿಲ್ಲ. ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗಿನ ಚಿತ್ರಗಳಲ್ಲಿ ಮಾತ್ರ ದಿನವೇ ಬದಲಾಗುತ್ತದೆ. ಕರಗದ ಚಿತ್ರಗಳಿಲ್ಲದಿದ್ದರೆ ನಾನು ಇದನ್ನು ಕಂಡುಹಿಡಿಯುತ್ತಿದ್ದೆನೋ ಇಲ್ಲವೋ. ಎಕ್ಸಿಫ್‌ನಲ್ಲಿ ಯಾವ ದೇಶದ ಸಮಯ ಎಂಬುದನ್ನು ಬರೆಯುವ ಜಾಗ ಸೇರಿದ್ದೇ 2016ರಲ್ಲಿ, ಆದ್ದರಿಂದ ಹಳೆಯ ಚಿತ್ರಗಳಿಂದ ಸುಳಿವೂ ಸಿಗುವುದಿಲ್ಲ. ಡಿಜಿಕ್ಯಾಮ್‌ನ ಸಮಯ ಹೊಂದಾಣಿಕೆಯ ಸೌಲಭ್ಯದಲ್ಲಿ ಆ ಗುಂಪನ್ನೆಲ್ಲ ಆರಿಸಿ ಐದೂವರೆ ಗಂಟೆ ಮುಂದಕ್ಕೆ ತಳ್ಳಿದೆ. ಮಾಡುವ ಮುನ್ನ ಹಳೆಯ ಸಮಯ ಮತ್ತು ಹೊಸ ಸಮಯವನ್ನು ಎದುರುಬದುರು ತೋರಿಸಿದ್ದು ಧೈರ್ಯ ಕೊಟ್ಟಿತು.

ಮುಖ ಗುರುತಿಸುವ ಕೆಲಸದಲ್ಲಿ ಈ ತಂತ್ರಾಂಶ ನಿಧಾನಿ. 2020ರ 7ನೇ ಆವೃತ್ತಿಯಿಂದ ಇದು ಉದಾಹರಣೆಗಳಿಂದ ಕಲಿಯುವ ನ್ಯೂರಲ್ ಜಾಲವನ್ನು ಬಳಸುತ್ತದೆ, ಮತ್ತು ಎಲ್ಲವೂ ನಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ. ಮನೆಯವರ ಮುಖಗಳು ಹೊರಗೆ ಹೋಗುವುದಿಲ್ಲ. ಆ ಖಾತರಿಗಾಗಿ ಎರಡು ದಿನ ಯಂತ್ರವನ್ನು ಓಡಿಸಿಡುವುದು ನನಗೆ ಭಾರವೆನಿಸಲಿಲ್ಲ. ಸ್ಪಷ್ಟವಾದ ಹಲವು ಮುಖಗಳಿಗೆ ಮೊದಲು ನಾವೇ ಹೆಸರು ಕೊಟ್ಟರೆ ಸಲಹೆಗಳು ಸುಧಾರಿಸುತ್ತವೆ; ಅಕ್ಕತಂಗಿಯರ ಬಾಲ್ಯದ ಚಿತ್ರಗಳಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದನ್ನು ಮಾತ್ರ ಕೈಯಿಂದಲೇ ಸರಿಪಡಿಸಬೇಕು.

ಪಿಕಾಸಾದ ಸರಳತೆಗೆ ಹೊಂದಿಕೊಂಡವರಿಗೆ ಡಿಜಿಕ್ಯಾಮ್ ಮೊದಲ ವಾರ ಕಷ್ಟವೆನಿಸುತ್ತದೆ. ಪರದೆಯ ಎರಡು ಅಂಚುಗಳಲ್ಲೂ ಪಟ್ಟಿಗಳು, ಸಿದ್ಧತೆಗೆ ಪುಟದ ಮೇಲೆ ಪುಟ. ಅಮ್ಮನಂಥವರಿಗೆ ಇದನ್ನು ಕೊಟ್ಟು ನೀವೇ ನೋಡಿಕೊಳ್ಳಿ ಎನ್ನಲಾಗದು. ಮನೆಯಲ್ಲಿ ಒಬ್ಬರು ಹೊಣೆ ಹೊರಬೇಕು. ದತ್ತಸಂಚಯವನ್ನು ನೆಟ್‌ವರ್ಕ್ ಡಿಸ್ಕಿನಲ್ಲಿ ಇಡದೆ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲೇ ಇಡಬೇಕು. ಒಂದು ಲಕ್ಷಕ್ಕಿಂತ ಹೆಚ್ಚು ಚಿತ್ರಗಳಿರುವವರಿಗೆ ಮೈಎಸ್‌ಕ್ಯೂಎಲ್ ಬಗೆಯ ದತ್ತಸಂಚಯವನ್ನು ಅದರ ಕೈಪಿಡಿಯೇ ಸೂಚಿಸುತ್ತದೆ, ನಮ್ಮಂಥ ಮನೆಗಳಿಗೆ ತಾನಾಗಿ ಬರುವ ಎಸ್‌ಕ್ಯೂಲೈಟ್ ಸಾಕು.

ಹೊರಹೋಗುವ ದಾರಿಯನ್ನೂ ಪರೀಕ್ಷಿಸಿದೆ. 500 ಚಿತ್ರಗಳ ಒಂದು ಫೋಲ್ಡರನ್ನು ಮೈಸೂರಿನ ತಂಗಿಗೆ ಡಿಸ್ಕಿನಲ್ಲಿ ಕಳಿಸಿ, ಡಿಜಿಕ್ಯಾಮ್ ಇಲ್ಲದ ಅವಳ ಕಂಪ್ಯೂಟರಿನಲ್ಲಿ ಬೇರೊಂದು ತಂತ್ರಾಂಶದಿಂದ ತೆರೆಯಲು ಹೇಳಿದೆ. ಫೋನಿನಲ್ಲಿ ಅವಳು ಓದುತ್ತ ಹೋದಳು: ಟ್ಯಾಗ್‌ಗಳು ಕನ್ನಡದಲ್ಲಿಯೇ ಇವೆ, ಅಡಿಬರಹ ಇದೆ, ರೇಟಿಂಗ್ ಇದೆ, ತಾರೀಖು ಸರಿಯಾಗಿದೆ. ಮುಖಗಳ ಚೌಕಗಳನ್ನು ಮಾತ್ರ ಆ ತಂತ್ರಾಂಶ ತೋರಿಸಲಿಲ್ಲ, ಆದರೆ ಹೆಸರುಗಳು ಟ್ಯಾಗ್‌ಗಳಾಗಿ ಅಲ್ಲೇ ಇದ್ದವು. ಈ ಪರೀಕ್ಷೆಯ ಬಳಿಕವೇ ನಾನು ಉಳಿದ ಸಂಗ್ರಹವನ್ನು ನಿಶ್ಚಿಂತೆಯಿಂದ ಡಿಜಿಕ್ಯಾಮ್‌ಗೆ ಒಪ್ಪಿಸಿದೆ. ಎರಡನೆಯ ಡಿಸ್ಕಿನಲ್ಲಿರುವ ಪೂರ್ಣ ಪ್ರತಿ ಈಗ ಅವಳ ಮನೆಯಲ್ಲೇ ಇದೆ.

ಇನ್ನೂ ಸುಮಾರು 2,300 ಚಿತ್ರಗಳು ಉಳಿದಿವೆ. ಹೆಚ್ಚಿನವು ವಾಟ್ಸಾಪ್‌ನಲ್ಲಿ ಬಂದವು, ಕಡತದ ಹೆಸರಿನಲ್ಲಿ ಬಂದ ದಿನದ ತಾರೀಖು ಮಾತ್ರ ಇದೆ, ತೆಗೆದ ದಿನ ತಿಳಿಯದು. ಉಳಿದವು ಅಜ್ಜಿಯ ಕಾಲದ ಸ್ಕ್ಯಾನ್ ಚಿತ್ರಗಳು. ಅವುಗಳಲ್ಲಿರುವ ಹಲವರನ್ನು ನಮ್ಮ ಸೋದರತ್ತೆಯೊಬ್ಬರೇ ಗುರುತಿಸಬಲ್ಲರು. ಗೌರಿ ಹಬ್ಬಕ್ಕೆ ಅವರು ಬಂದು ಹತ್ತು ದಿನ ಇರುತ್ತಾರೆ. ಅವುಗಳಿಗೆಂದು ‘ಅತ್ತೆಯನ್ನು ಕೇಳಬೇಕು’ ಎಂಬ ಟ್ಯಾಗ್ ಮಾಡಿಟ್ಟಿದ್ದೇನೆ. ಅದು 64 ಬೈಟ್‌ಗಳ ಒಳಗೇ ಇದೆ.